ತನ್ವಿಯ ಮೂಗು

ಟವೆಲ್ ತೆಗೆಯಲೆಂದು ಭಾನುಮತಿ ಮಹಡಿಯಲ್ಲಿ, ಇಲ್ಲಿನವರು ಹಾಟ್ ಪ್ರೆಸ್ ಎನ್ನುವ ಬೆಚ್ಚನೆಯ ಕಪಾಟಿನ ಬಾಗಿಲು ತೆರೆದಾಗ, ಬಿಸಿನೀರಿನ ಟ್ಯಾಂಕಿನ ಪಕ್ಕ, ಮಡಿಸಿಟ್ಟ ರಜಾಯಿಗಳ ಹಿಂದೆ, ಬಿಳಿಯ ದೊಡ್ಡ ಪ್ಲಾಸ್ಟಿಕ್ ಬಕೆಟ್ ಕಂಡಿತು. ಮುಚ್ಚಳ ಬಿಗಿಯಾಗಿತ್ತು. ಅದರ ನಡುವೆ ಸಿಕ್ಕಿಸಿದ್ದ ಸಣ್ಣ ಕೊಳವೆಯೊಳಗಿನ ನೀರು ಆಗೊಮ್ಮೆ ಈಗೊಮ್ಮೆ ಬುಳುಕ್ ಎನ್ನುತ್ತಿತ್ತು. ಬಗ್ಗಿ ಮೂಸಿದಳು. ಏನೂ ಇಲ್ಲ. ಕ್ರಿಸ್‌ಮಸ್ ವಾರ ತಾನು ಕೆಲಸ ಮಾಡುವ ಆಸ್ಪತ್ರೆಯ ವಾರ್ಡಿನಿಂದ ಕೋವಿಡ್ ಹೊತ್ತು ತಂದ ಮೇಲೆ, ಎರಡು ತಿಂಗಳಿಂದ ಅವಳ ಮೂಗಿಗೆ ಒಗ್ಗರಣೆಯೂ ಒಂದೇ, ಫಿನಾಯಿಲೂ ಒಂದೇ.

"ರೀ, ಸ್ವಲ್ಪ ಮೇಲೆ ಬನ್ನಿ."

ಮಧುಸೂದನ ಕೆಳಗೆ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಆಫೀಸಿನ ಕೆಲಸದಲ್ಲಿದ್ದ. ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಕೆಳಗಿನ ಬಚ್ಚಲಲ್ಲಿ ನಲ್ಲಿ ಹರಿಯಿತು. ಅವನು ಮೆಟ್ಟಿಲು ಹತ್ತಿ ಬರಲು ಐದು ನಿಮಿಷ ಹಿಡಿಯಿತು.

"ಇದೇನು?"

"ಜಿಂಜರ್ ಬಿಯರ್. ಹೆಸರಿಗೆ ಬಿಯರ್ ಅಷ್ಟೆ. ಶುಂಠಿ, ಸಕ್ಕರೆ, ಒಂದು ಚಿಟಿಕೆ ಯೀಸ್ಟು. ತನ್ವಿಗೆ ಅಂತ ಮಾಡ್ತಿದೀನಿ."

"ಮಗೂಗೆ ಮಾಡಿದ್ದನ್ನ ರಜಾಯಿ ಹಿಂದೆ ಯಾಕಿಟ್ರಿ?"

"ಬೆಚ್ಚಗಿರಬೇಕು ಅದು. ಈ ಮನೇಲಿ ಬೆಚ್ಚಗಿರೋದು ಇದೊಂದೇ ಜಾಗ ತಾನೆ?"

ಎರಡೂವರೆ ವರ್ಷದ ಹಿಂದೆ ಅವನು ಪಬ್ಬಿನಿಂದ ನೇರ ಹೋಗಿ ತನ್ವಿಯನ್ನು ಕ್ರೆಶ್‌ನಿಂದ ಕಾರಿನಲ್ಲಿ ಕರೆತರುವಾಗ ಗೇಟಿನ ಕಂಬಕ್ಕೆ ಗುದ್ದಿದ್ದ. ಮಗುವಿನ ಹುಬ್ಬಿಗೆ ಏಳು ಹೊಲಿಗೆ ಬಿದ್ದಿತ್ತು. ಅಂದು ಅವನೇ ಅತ್ತು ಹೇಳಿದ್ದ: "ದಿನಾ ನನ್ನ ಬಾಯಿ ಮೂಸು ಭಾನು. ವಾಸನೆ ಬಂದ ದಿನ ಮಗೂನ ಕರ್ಕೊಂಡು ಹೊರಟುಹೋಗು." ಅಲ್ಲಿಂದೀಚೆಗೆ ಅವಳು ಪ್ರತಿ ಸಂಜೆ ಬಾಗಿಲಲ್ಲೇ ಮೂಸುತ್ತಿದ್ದಳು. ಇಬ್ಬರಿಗೂ ಅದು ಅವಮಾನವೇ, ಆದರೆ ಸಂಸಾರ ನಿಂತಿದ್ದು ಅದರ ಮೇಲೆ. ಲಾಕ್‌ಡೌನಿನಲ್ಲಿ ಪಬ್ಬುಗಳು ಮುಚ್ಚಿದ ಮೇಲಂತೂ ಅವಳಿಗೆ ನಿಶ್ಚಿಂತೆ. ಜನವರಿಯ ಒಂದು ಬೆಳಗ್ಗೆ ಕಾಫಿ ಲೋಟ ಮುಂದಿಟ್ಟುಕೊಂಡು, "ಏನೂ ವಾಸನೆ ಬರ್ತಿಲ್ಲ ರೀ" ಎಂದು ಅವಳು ಅತ್ತಾಗ, ಅವನು ಬೆನ್ನು ಸವರಿ ಸಮಾಧಾನ ಮಾಡಿದ್ದ. ಮಾರನೆಯ ದಿನ ಮನೆಯಲ್ಲೇ ಬಿಯರ್ ತಯಾರಿಸುವ ಕಿಟ್ ತರಿಸಿದ್ದ. ಇದು ಎರಡನೆಯ ಬಕೆಟ್.

"ಎಲ್ಲಿ, ಬಾಯಿ ತೆಗೀರಿ," ಎಂದು ಹತ್ತಿರ ಬಂದ ಭಾನುಮತಿ ಅರ್ಧದಲ್ಲೇ ನಿಂತಳು. ಒಂದು ಗಳಿಗೆ ಅವನ ಮುಖವನ್ನೇ ನೋಡಿದಳು. ಆಮೇಲೆ ಪಕ್ಕದ ಕೋಣೆಯತ್ತ ತಿರುಗಿದಳು. ಶಾಲೆ ಮುಚ್ಚಿದ್ದರಿಂದ ಏಳು ವರ್ಷದ ತನ್ವಿ ಅಲ್ಲಿ ಟ್ಯಾಬ್ಲೆಟ್ ಮುಂದೆ ಕೂತು ಪಾಠ ಕೇಳುತ್ತಿದ್ದಳು.

"ತನ್ವಿ, ಇಲ್ಲಿ ಬಾ ಪುಟ್ಟಿ."

"ಬೇಡ ಭಾನು. ಮಗೂನ ಇದರ ಮಧ್ಯೆ ತರಬೇಡ."

"ನನಗೆ ಮೂಗಿಲ್ಲ. ಹೊರಗಿನವರು ಮನೆಗೆ ಬರೋ ಹಾಗಿಲ್ಲ. ಇನ್ಯಾರನ್ನ ಕೇಳ್ಲಿ?"

ತನ್ವಿ ಬಂದು ಇಬ್ಬರ ನಡುವೆ ನಿಂತಳು.

"ಪಪ್ಪನ ಬಾಯಿ ಮೂಸು. ಏನು ವಾಸನೆ ಬರ್ತಿದೆ ಅಂತ ಹೇಳು. ಸುಳ್ಳು ಹೇಳಬಾರದು."

ಮಧುಸೂದನ ಮಂಡಿಯೂರಿದ. ತನ್ವಿ ಎರಡೂ ಕೈಗಳಿಂದ ಅವನ ಕೆನ್ನೆ ಹಿಡಿದು ಮೂಗು ಹತ್ತಿರ ತಂದಳು. ಉಸಿರು ಬಿಗಿಹಿಡಿಯಲು ನೋಡಿದ, ಆಗಲಿಲ್ಲ. ಆಗಷ್ಟೇ ಉಜ್ಜಿಕೊಂಡು ಬಂದ ಪೇಸ್ಟಿನ ತಂಪಿನ ಅಡಿಯಲ್ಲಿ, ಮಧ್ಯಾಹ್ನ ಊಟಕ್ಕೆ ಮೊದಲು ಕುಡಿದದ್ದರ ಹುಳಿ ಅವನಿಗೇ ಹೊಡೆಯುತ್ತಿತ್ತು. ತನ್ವಿಯ ಮೂಗಿನ ಹೊಳ್ಳೆಗಳು ಅರಳಿದವು. ಅವನ ಕಣ್ಣನ್ನೇ ನೋಡಿದಳು. ಅಮ್ಮನತ್ತ ತಿರುಗಿದಳು. ಭಾನುಮತಿ ಬಾಗಿಲ ಅಂಚನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದಳು.

"ಇಟ್ಸ್ ಗ್ರ್ಯಾಂಡ್, ಅಮ್ಮಾ," ಎಂದಳು ತನ್ವಿ. "ಜಸ್ಟ್ ಟೂತ್‌ಪೇಸ್ಟ್."

ಭಾನುಮತಿ ಮೆಟ್ಟಿಲ ಮೇಲೆ ಕೂತಳು.

"ತಪ್ಪಾಯ್ತು ರೀ," ಎಂದಳು. "ವಾರ್ಡಲ್ಲಿ ದಿನಾ ಸಾವು ನೋಡಿ ನೋಡಿ ತಲೆ ಕೆಟ್ಟುಹೋಗಿದೆ. ಯಾರನ್ನ ನಂಬಬೇಕು, ಯಾರನ್ನ ಬಿಡಬೇಕು ಅಂತಾನೇ ತಿಳೀತಿಲ್ಲ. ಮಗು ಎದುರು ನಿಮ್ಮನ್ನ ಹೀಗೆ ನಿಲ್ಲಿಸಬಾರದಿತ್ತು."

ಈಗ ಹೇಳಿಬಿಡಬೇಕು ಎಂದುಕೊಂಡ ಮಧುಸೂದನ. ಬಾಯಿ ತೆರೆದ. ಅಷ್ಟರಲ್ಲಿ ಅವಳು ಎದ್ದು ಅವನ ಭುಜವನ್ನೊಮ್ಮೆ ಒತ್ತಿ, "ಕಾಫಿ ಮಾಡ್ತೀನಿ" ಎಂದು ಕೆಳಗಿಳಿದುಹೋದಳು.

ಅಮ್ಮನ ಹೆಜ್ಜೆ ಸದ್ದು ಅಡುಗೆಮನೆ ಸೇರುವವರೆಗೂ ತನ್ವಿ ಕದಲಲಿಲ್ಲ. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗು, ಅವನ ಕಿವಿಗೆ ಬಾಯಿಟ್ಟು ಕನ್ನಡದಲ್ಲಿ ಪಿಸುಗುಟ್ಟಿತು.

"ಸರಿಯಾಗಿ ಹೇಳಿದ್ನಾ, ಪಪ್ಪಾ?"

ಮಧುಸೂದನ ಹೌದೆಂದು ತಲೆಯಾಡಿಸಿದ.