ದರ್ಜಿಯ ವಾಯಿದೆ

ಹೊಟ್ಟೆ ಕೊಯ್ಯುವವರನ್ನು ರೋಗಿಯೇ ಪರೀಕ್ಷೆ ಮಾಡಿ ಆರಿಸಬೇಕೆಂಬ ಕಾಯಿದೆ ಬಂದಮೇಲೆ, ಗದಗಿನ ಆಸ್ಪತ್ರೆಗೆ ಜನ ತಂತಮ್ಮ ಕಸುಬಿನ ಸಾಮಾನು ಹೊತ್ತು ಬರುತ್ತಿದ್ದರು. ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿದ್ದ ದರ್ಜಿ ವಿಠೋಬಾ, ಬಾಯಿ ಹೊಲಿದ ಎರಡು ಮಲ್ಮಲ್ ಚೀಲ ತಂದಿದ್ದ.

"ಒಳಗ ಅಸ್ತರ್ ಹರದೈತ್ರಿ. ಹೊಲದು ಕೊಡ್ರಿ," ಎಂದ.

ಆಸ್ಪತ್ರೆಯ ಆಪರೇಷನ್ ರೋಬೋಟು ಒಂದು ಚೀಲಕ್ಕೆ ಗುಂಡಿಯ ಕಾಜದಷ್ಟು ಸಣ್ಣ ನಾಲ್ಕು ತೂತು ಮಾಡಿ, ಅಲ್ಲಿಂದಲೇ ಕೈ ಇಳಿಸಿ ಹೊಲಿಯಿತು. ಡಾಕ್ಟರ್ ಗಿರಿಜಾ ಹೊಂಬಳ ಇನ್ನೊಂದನ್ನು ಗೇಣುದ್ದ ಕತ್ತರಿಸಿ, ಒಳಗೆ ಹೊಲಿದು, ಮತ್ತೆ ಮುಚ್ಚಿದರು. ವಿಠೋಬಾ ಎರಡನ್ನೂ ಬಿಚ್ಚಿ, ತಿರುವಿ, ಕನ್ನಡಕದ ಹತ್ತಿರ ಹಿಡಿದ. ಹೊರಗೆ ರೋಬೋಟಿನದೇ ಚೆಂದ. ಒಳಗೆ ಎರಡೂ ಒಂದೇ. ಪೇಚಿಗೆ ಸಿಕ್ಕ.

ಕೊನೆಗೆ, ನಲವತ್ತು ವರ್ಷ ಗಿರಾಕಿಗಳು ತನ್ನನ್ನು ಕೇಳಿದ್ದನ್ನೇ ಕೇಳಿದ.

"ನನ್ನ ಯಾವತ್ತ ವಾಪಸ್ ಕೊಡ್ತೀರಿ?"

"ಏಳನೇ ದಿನ, ಸಂಜಿ ನಾಕಕ್ಕ," ಎಂದಿತು ರೋಬೋಟು.

"ಹತ್ತು ದಿನ ಆಗಬಹುದ್ರಿ. ಹೊಟ್ಟಿ ತಗದು ನೋಡೋತನಕ ಖರೇ ಹೇಳಾಕ ಬರಂಗಿಲ್ಲ," ಎಂದರು ಗಿರಿಜಾ.

ವಿಠೋಬಾ ನಕ್ಕ. ಊರಿಗೆಲ್ಲ "ಗುರುವಾರ ಬರ್ರಿ" ಎಂದು ಹೇಳಿಕೊಂಡೇ ತಲೆ ನೆರೆತವನಿಗೆ, ಕೇಳಿದ ಕೂಡಲೇ ದಿನ ಹೇಳುವವರ ಬಂಡವಾಳ ಗೊತ್ತಿತ್ತು. ಗಿರಿಜಾರ ಹೆಸರಿನ ಮುಂದೆ ಸಹಿ ಹಾಕಿದ.

ಡಾಕ್ಟರು ಕಾಗದ ಮಡಚುತ್ತ ಕೇಳಿದರು: "ದೀಪಾವಳಿಗಂತ ಕೊಟ್ಟ ನನ್ನ ಜಂಪರ್ ಇನ್ನೂ ನಿಮ್ಮ ಅಂಗಡ್ಯಾಗ ಐತಿ. ಅದನ್ನ ಯಾವತ್ತ ಕೊಡ್ತೀರಿ, ವಿಠೋಬಣ್ಣ?"

ಗುರುವಾರ ನಾಲಿಗೆಯ ತುದಿಗೆ ಬಂದಿತ್ತು. ವಿಠೋಬಾ ಅದನ್ನು ನುಂಗಿಕೊಂಡು, ಕಸುಬು ಹಿಡಿದಮೇಲೆ ಮೊದಲ ಸಲ ಗಿರಾಕಿಗೆ ನಿಜ ಹೇಳಿದ.

"ಅದು ನಿಮ್ಮ ಕೈಯಾಗ ಐತ್ರಿ, ಡಾಕ್ಟರ್ ಬಾಯಾರ."