ಡಾಂಬರು ಚೀಲ

ಗುದ್ದಲಿ ಬೀಳುವ ಮೊದಲೇ ಗುಡ್‌ವೈಗ್ ಬಂದು ಕೊನೆಯ ಸಮಾಧಿಯ ಮೇಲೆ ಕೂತುಬಿಟ್ಟಳು. ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ಚಾಚು, ಆ ಫ್ಯೋರ್ಡ್‌ನ ದಡದ ಉಳಿದ ಸಮಾಧಿಗಳನ್ನೆಲ್ಲ ಆಗಲೇ ಅಗೆದಾಗಿತ್ತು. ಯುದ್ಧಕಾಲದಲ್ಲಿ ಜರ್ಮನರಿಗಾಗಿ ರಸ್ತೆ ಕಡಿಯುತ್ತ ಸತ್ತ ರಷ್ಯನ್ ಕೈದಿಗಳ ಮೂಳೆಗಳು ಡಾಂಬರು ಬಳಿದ ಕಾಗದದ ಚೀಲಗಳಲ್ಲಿ ಹಡಗಿಗಾಗಿ ಕಾದಿದ್ದವು.

“ಏಳಮ್ಮ, ಸರ್ಕಾರದ ಆರ್ಡರ್ ಇದು,” ಎಂದ ಓಸ್ಲೋದಿಂದ ಬಂದ ಅಧಿಕಾರಿ. “ಎಲ್ಲರನ್ನೂ ದೂರದ ದ್ವೀಪದಲ್ಲಿ ಒಟ್ಟಿಗೆ ಹೂಳ್ತೀವಿ. ಇಲ್ಲೇ ಬಿಟ್ರೆ ಸಮಾಧಿ ನೋಡೋ ನೆಪದಲ್ಲಿ ರಷ್ಯದ ಬೇಹುಗಾರರು ಬರ್ತಾರೆ.”

“ಯುದ್ಧ ಮುಗಿದು ಆರು ವರ್ಷ ಆಯ್ತು, ಯಾವನು ಬಂದ? ನಾಳೆ ಇವನ ಹೆತ್ತಮ್ಮ ಬಂದ್ರೆ ಅವಳೂ ಬೇಹುಗಾರ್ತಿನಾ?” ಗುಡ್‌ವೈಗ್ ಸಮಾಧಿಯ ಮಣ್ಣಿನ ಮೇಲೆ ಅಂಗೈ ಊರಿದಳು. “ಕೈದಿಗಳ ಕ್ಯಾಂಪಿನ ಬೇಲಿ ಸಂದಿಯಿಂದ ನಾನು ಕೊಟ್ಟ ಒಣಮೀನು ತಿಂದಿದ್ದಕ್ಕೆ ಜರ್ಮನರು ಇವನನ್ನ ಹೊಡೆದು ಕೊಂದ್ರು. ಯೆರ್ಮೊಲಾಯ್ ಅಂತ ಇವನ ಹೆಸರು. ಗೊಬ್ಬರದ ಹಾಗೆ ಚೀಲಕ್ಕೆ ತುಂಬೋಕೆ ನಾನು ಬಿಡಲ್ಲ!”

ಅಧಿಕಾರಿ ಬೇಸತ್ತು, ಗುದ್ದಲಿ ಹಿಡಿದು ನಿಂತಿದ್ದ ಅವಳ ಅಣ್ಣನ ಮಗನತ್ತ ತಿರುಗಿದ. “ಟೋರ್ಲೈಫ್, ನಿಮ್ಮತ್ತೇನ ಎತ್ತಿ ಆಚೆ ಕೂರಿಸು.”

ಟೋರ್ಲೈಫ್ ಬೆಳಗಿನಿಂದ ತಾನೇ ತುಂಬಿದ ಚೀಲಗಳನ್ನು ಒಮ್ಮೆ ನೋಡಿದ. ಆಮೇಲೆ ಗುದ್ದಲಿ ಬಿಸಾಕಿ ಅತ್ತೆಯ ಪಕ್ಕದಲ್ಲೇ ಕೂತ.

“ಈಗ ಇಬ್ಬರನ್ನೂ ಎತ್ತಬೇಕು, ಸಾಹೇಬ್ರೇ,” ಎಂದ. “ನೀವೇ ಬನ್ನಿ.”