ಕೈಗೆ ಗೊತ್ತಿರುವ ಪಿಸ್ತೂಲು

ಚುನಾವಣೆ ಮುಗಿದಿತ್ತು. ಅದಕ್ಕಾಗಿ ಠಾಣೆಗೆ ಒಪ್ಪಿಸಿದ್ದ ಬಂದೂಕು, ಪಿಸ್ತೂಲುಗಳನ್ನು ಅವರವರು ವಾಪಸು ಒಯ್ಯುವ ದಿನ. ಸಾಲಿನಲ್ಲಿ ಮೊದಲಿಗರು ನಂಜರಾಜಯ್ಯನವರು. ಪಿಸ್ತೂಲಿನ ಬೆಲೆ ಬಲ್ಲ ರಸಿಕರು ಊರಿನಲ್ಲಿ ಅವರೊಬ್ಬರೇ. ಈ ಸಂಗತಿಯನ್ನು ಊರಿಗೆ ತಿಳಿಸಿದವರೂ ಅವರೇ.

ಠಾಣೆಯ ರೈಟರ್ ಮೇಜಿನ ಮೇಲೆ ನಾಲ್ಕು ಕರಿ ಪಿಸ್ತೂಲುಗಳನ್ನಿಟ್ಟರು.

"ಹೆಸರಿನ ಚೀಟಿ ಎಲ್ಲ ಇಲಿ ತಿಂದ್ಬಿಟ್ಟಿದೆ ಸಾರ್. ಇರಿ, ನಂಬರ್ ನೋಡಿ ನಿಮ್ದು ಯಾವ್ದು ಅಂತ ಹೇಳ್ತೀನಿ."

"ನಂಬರ್ ನೋಡಿ ಗುರುತು ಹಿಡಿಯೋಕೆ ಇದೇನು ಸ್ಕೂಟರೇನಪ್ಪಾ? ಬೆಳ್ಳಿ ಹಿಡಿ, ಹೂವಿನ ಕೆತ್ತನೆ, ಅವೆಲ್ಲ ಶೋಕಿಯವರಿಗೆ. ನನ್ನದು ಅಪ್ಪಟ ಕೆಲಸದ ಸಾಮಾನು. ಇಪ್ಪತ್ತು ವರ್ಷ ಎಣ್ಣೆ ಹಾಕಿ ಒರೆಸಿದ ಕೈ ಇದು. ಕೈಗೇ ಗೊತ್ತಾಗುತ್ತೆ."

ದೇವರ ಮುಂದೆಯೂ ತೋರಿಸದಷ್ಟು ಭಕ್ತಿಯಿಂದ ಅವರು ಕಣ್ಣು ಮುಚ್ಚಿಕೊಂಡರು. ಒಂದೊಂದನ್ನೇ ಎತ್ತಿ ತೂಗಿ ನೋಡಿದರು. ಮೂರನೆಯದು ಕೈಗೆ ಬಂದಾಗ ಮುಖ ಅರಳಿತು.

"ಇದೇ. ಆಹಾ, ಈ ತೂಕ, ಈ ಹಿಡಿತ. ಒಂದು ಗುಲಗಂಜಿ ಹೆಚ್ಚಿಲ್ಲ, ಒಂದು ಗುಲಗಂಜಿ ಕಮ್ಮಿ ಇಲ್ಲ. ಇದೊಂದು ಕೈಲಿದ್ರೆ ಹುಲಿ ಎದುರಿಗೆ ಬಂದ್ರೂ ಹೆದರಬೇಕಾಗಿಲ್ಲ."

ಹಿಂದೆ ನಿಂತಿದ್ದ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಮೆಲ್ಲಗೆ ಕೆಮ್ಮಿದರು.

"ಸಾರ್, ಅದು ನಮ್ಮ ಸ್ಕೂಲಿಂದು. ಚುನಾವಣೆ ಅಂತ ಹೆದರಿ ನಾನೂ ತಂದು ಒಪ್ಪಿಸಿದ್ದೆ. ಓಟದ ಪಂದ್ಯ ಶುರು ಮಾಡೋಕೆ ಡಬ್ ಅನ್ಸೋದು, ಅಷ್ಟೇ."